ಎರಡನೇ ಗೀಟು

೭ ಜೂನ್ ೧೯೯೪

ಬೆಳಿಗ್ಗೆಯಿಂದ ಒಂದು ಸಾಲು ಬೆನ್ನು ಹತ್ತಿದೆ. "ಕೈ ಕಲಿತದ್ದನ್ನು ಮರೆಯದು, ಕಣ್ಣೀರಲ್ಲಿ ತೊಳೆದರೂ..." ಮುಂದಿನದು ನೆನಪಿಲ್ಲ. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಯಾರೋ ಹೇಳುತ್ತಿದ್ದರು. ಯಾರ ಪದ್ಯವೋ. ನಿಜವೇ ಅದು? ಅಮ್ಮ ಕಲಿಸಿದ ರಂಗೋಲಿ ಒಂದೂ ಈಗ ನನ್ನ ಕೈಗೆ ಬರುವುದಿಲ್ಲ. ಧರ್ಮಪುರಿಯ ಅಂಗಳ ಬಿಟ್ಟು ಮೂವತ್ತು ವರ್ಷವಾಯಿತು, ಕೈ ಮರೆತಿದೆ. ಕವಿಗಳಿಗೇನು, ಹೇಳಿಬಿಡುತ್ತಾರೆ.

ವಾರ್ಡಿನಲ್ಲಿ ಇಂದು ಪಾಠದ ದಿನ. ಮನೆಗೆ ಹೊರಟವರಿಗೆ ಮಾತ್ರೆ, ಪಥ್ಯ ಎಲ್ಲ ತಿಳಿಸಬೇಕು. ತಲೆಸುತ್ತು ನಿಂತಿತು ಅಂತ ಬಿಪಿ ಮಾತ್ರೆ ಬಿಡಬೇಡಿ — ಒಬ್ಬರಿಗೆ. ಟಿ.ಬಿ. ಮಾತ್ರೆಗೆ ಮೂತ್ರ ಕೆಂಪಾದರೆ ಅದು ರಕ್ತವಲ್ಲ — ಇನ್ನೊಬ್ಬರಿಗೆ. ಆಮೇಲೆ ರೋಜಾ.

ಹದಿಮೂರರ ಹುಡುಗಿ. ಮೇಚೇರಿ ಪಕ್ಕದ ಹಳ್ಳಿ, ಕುರಿ ಸಾಕುವ ಮನೆ. ಹೋದ ವಾರ ಪ್ರಜ್ಞೆ ಇಲ್ಲದೆ ಬಂದಿದ್ದಳು. ಸಕ್ಕರೆ ಕಾಯಿಲೆ ಅಂತ ಆಗಲೇ ಗೊತ್ತಾದದ್ದು. ಇನ್ನು ಬದುಕಿರುವಷ್ಟು ದಿನವೂ ಇನ್ಸುಲಿನ್. ಮನೆಯಲ್ಲಿ ಕನ್ನಡ ಆಡುವವರು ಅಂದರೆ ನನ್ನ ಬಳಿಗೇ ಕಳಿಸುತ್ತಾರೆ. ಈ ಸೇಲಂ ಆಸ್ಪತ್ರೆಯಲ್ಲಿ ಕನ್ನಡ ಬರುವ ನರ್ಸಿಂಗ್ ಟ್ಯೂಟರ್ ನಾನೊಬ್ಬಳೇ.

ತಾಯಿ ಮುನಿಲಕ್ಷ್ಮಮ್ಮನೇ ಸೂಜಿ ಹಾಕುವವಳು. ಅಂಕಿ ಓದಲು ಬಾರದು.

"ಕುರಿ ಎಣ್ಸಾಕ್ ಬತ್ತೈತೆ ಸಿಸ್ಟರಮ್ಮ. ಬರ್ದಿದ್ದು ಬರಾಕಿಲ್ಲ."

"ಎಣ್ಸೋದೂ ನೋಡಿವ್ನಿ," ಅಂದ ಗಂಡ ಮಲ್ಲಪ್ಪ. "ಪಕ್ಕದ್ಮನೆ ಕುರೀನೂ ಸೇರ್ಸ್ಕೊಂಡೇ ಎಣಿಸ್ತಾಳೆ."

"ಸೇರ್ಸ್ಕೊಂಡ್ರೂ ಸಾಯಂಕಾಲಕ್ಕೆ ಬಿಟ್ಟುಬಿಡ್ತೀನಿ. ನಿಮ್ಮಪ್ಪನಂಗೆ ಕುಯ್ದು ತಿಂದಿಲ್ಲ, ಸುಮ್ಕಿರು."

ರೋಜಾ ಮೊದಲ ಸಲ ನಕ್ಕಳು.

ಅಂಕಿ ಬೇಡ ಅಂದುಕೊಂಡೆ. ಗಾಜಿನ ಇನ್ಸುಲಿನ್ ಸಿರಿಂಜು ಬೆಳಕಿಗೆ ಹಿಡಿದು ಉದ್ದ ಗೀಟುಗಳನ್ನು ತೋರಿಸಿದೆ. ಮೊದಲನೆಯದು. ಎರಡನೆಯದು. ಎರಡನೇ ಗೀಟಿಗೆ ನಿಲ್ಲಿಸು. "ಗೀಟು ಮಾತ್ರ ನೋಡು. ಬೇರೆ ಏನೂ ನೋಡಬೇಡ." ನೀರು ತುಂಬಿಸಿ ಅಭ್ಯಾಸ ಮಾಡಿಸಿದೆ. ಒಂದು ಸಲವೂ ತಪ್ಪಲಿಲ್ಲ. ಕುರಿಯ ಕಾಲು ಹಿಡಿದು ಪಳಗಿದ ಕೈ, ನಡುಗುವುದೇ ಇಲ್ಲ.

ಪಕ್ಕದಲ್ಲಿ ನಿಂತಿದ್ದ ವಿದ್ಯಾರ್ಥಿನಿ ಮಾಲತಿಗೆ ಹೇಳಿದೆ: ಓದು ಬಾರದವರಿಗೆ ಹೀಗೇ ಕಲಿಸಬೇಕು. ಬರೆದುಕೊಂಡಳು.

೧೦ ಜೂನ್

ಅವರು ಊರಿಗೆ ಹೊರಟರು. ಔಷಧಿ ಬಿಸಿಲಿಗೆ ಕೆಡದಂತೆ ಒದ್ದೆ ಮರಳಿನ ಮಡಕೆಯಲ್ಲಿಡಲು ಹೇಳಿದ್ದೇನೆ. ಸಿರಿಂಜು ಕುದಿಸುವುದು, ಜಾಗ ಬದಲಿಸಿ ಚುಚ್ಚುವುದು — ಎಲ್ಲ ಒಪ್ಪಿಸಿದಳು ತಾಯಿ. ಬೆವರು, ನಡುಕ ಬಂದರೆ ಕೂಡಲೇ ಬೆಲ್ಲ. ರೋಜಾಳ ದಾವಣಿಯ ತುದಿಯಲ್ಲಿ ನಾನೇ ಬೆಲ್ಲ ಕಟ್ಟಿಕೊಟ್ಟೆ.

"ಪೊಂಗಲ್‌ಗೂ ಊಸಿ ಆಕ್ಬೇಕಾಕ್ಕಾ?"

"ಪೊಂಗಲ್‌ಗೂ ಸೂಜಿ ಹಾಕಬೇಕು."

"ಮದ್ವೆ ದಿನ?"

"ಬಾಯ್ನೋಡು ಇವಳ್ದು! ಈಗ್ಲೇ ಮದ್ವೆ ಅಂತೆ," ತಾಯಿ ತಲೆಗೊಂದು ಮೊಟಕಿದಳು.

ಮದುವೆ ದಿನವೂ ಹಾಕಬೇಕು.

೫ ಜುಲೈ

ರೋಜಾ ಚೆಕಪ್‌ಗೆ ಬಂದಿದ್ದಳು. ಕೆನ್ನೆ ತುಂಬಿವೆ. ಸ್ಕೂಲಿಗೆ ಹೋಗುತ್ತಿದ್ದಾಳೆ. ಡಾಕ್ಟರ್ ರಾಜಗೋಪಾಲ್ ಚೀಟಿ ನೋಡಿ, ನಿಮ್ಮ ಶಿಷ್ಯೆಗೆ ಫಸ್ಟ್ ಕ್ಲಾಸ್ ಕೊಡಿ ಅಂದರು.

"ಅಮ್ಮ ಬೀದಿಗೆಲ್ಲ ಪಾಠ ಏಳ್ತವ್ಳೆ ಅಕ್ಕಾ," ರೋಜಾ ದೂರು ಹೇಳಿದಳು. "ಮನೆ ಮುಂದ್ಲ ತಿಣ್ಣೆ ಮೇಲೆ ಎಲ್ರನ್ನೂ ಕೂರ್ಸ್ಕೊಂಡು ಎರಡ್ನೇ ಗೀಟು, ಎರಡ್ನೇ ಗೀಟು ಅಂತ. ನಮ್ ಕುರಿಗೂ ಗೊತ್ತಾಗೋಗೈತೆ."

ಮುನಿಲಕ್ಷ್ಮಮ್ಮ ನಾಚಿದಳು. ಹೆಮ್ಮೆಯೂ ಇತ್ತು.

ನನಗೂ ಇತ್ತು. ಮಧ್ಯಾಹ್ನ ಕ್ಲಾಸಿನಲ್ಲಿ ಈ ಕಥೆಯನ್ನೇ ಹೇಳಿದೆ. ಸಂಜೆ ಪದ್ಯದ ಪುಸ್ತಕ ತೆಗೆದು ಆ ಸಾಲು ಹುಡುಕಿದೆ. ಸಿಗಲಿಲ್ಲ. ಪರವಾಗಿಲ್ಲ, ನಿಜವೇ ಇರಬೇಕು.

೨೩ ಆಗಸ್ಟ್

ರೋಜಾ ಬಂದಿದ್ದಾಳೆ. ಪ್ರಜ್ಞೆ ಇಲ್ಲ.

ರಕ್ತದಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಗ್ಲೂಕೋಸ್ ಏರಿಸಿದ ಮೇಲೂ ಕಣ್ಣು ಬಿಡಲಿಲ್ಲ. ಬೆಳಿಗ್ಗೆ ಸೂಜಿ ಹಾಕಿ, ಗಂಜಿ ಕುಡಿಸಿ, ತಾಯಿ ಕುರಿ ಹೊಡೆದುಕೊಂಡು ಹೋಗಿದ್ದಾಳೆ. ಸ್ಕೂಲಿಗೆ ರಜೆ, ಹುಡುಗಿ ನಿದ್ದೆ ಬರುತ್ತೆ ಅಂದಳಂತೆ. ಮಧ್ಯಾಹ್ನ ಬಂದು ಎಬ್ಬಿಸಿದರೆ ಏಳಲಿಲ್ಲ. ಬಸ್ಸು, ಆಮೇಲೆ ವ್ಯಾನು. ಎಷ್ಟು ಹೊತ್ತು ಹಾಗೆ ಮಲಗಿದ್ದಳೋ.

ದಾವಣಿಯ ತುದಿಯಲ್ಲಿ ಬೆಲ್ಲ ಇತ್ತು. ಗಂಟು ಬಿಚ್ಚಿರಲಿಲ್ಲ.

೨೪ ಆಗಸ್ಟ್

ಎಷ್ಟು ಹಾಕಿದಿರಿ ಅಂತ ರಾಜಗೋಪಾಲ್ ತಾಯಿಯನ್ನು ಕೇಳಿದರು. ಎರಡನೇ ಗೀಟು ಅಂದಳು. ದಿನವೂ ಹಾಕುವಷ್ಟೇ. ಅವರು ನನ್ನ ಮುಖ ನೋಡಿದರು.

ಸಿರಿಂಜು ತಂದಿದ್ದೀಯಾ ಅಂದೆ. ಬಟ್ಟೆ ಬಿಚ್ಚಿದಳು.

ಅದಲ್ಲ. ನಾನು ಕೊಟ್ಟದ್ದಲ್ಲ.

"ಅದು ಕುದಿಸ್ವಾಗ ಸೀಳೋಯ್ತು ಸಿಸ್ಟರಮ್ಮ. ಊಸಿ ತಪ್ಪಿಸ್ಬಾರ್ದು ಅಂತ ನೀವೇ ಏಳಿದ್ರಲ್ಲ. ಇದು ಕುರಿಗೆ ಆಕೋದು. ಚೆಂದಾಗಿ ಕುದ್ಸಿವ್ನಿ. ಊಸಿ ಮಾತ್ರ ಅದೇ ಸಣ್ದು, ಪಾಪಗೆ ನೋಯ್ಬಾರ್ದು ಅಂತ ಅದ್ನೇ ಸಿಕ್ಕಿಸ್ದೆ."

ದಪ್ಪ ಸಿರಿಂಜು. ಅದರ ಮೇಲೂ ಉದ್ದ ಗೀಟುಗಳು. ಇನ್ಸುಲಿನ್ ಸಿರಿಂಜಿನ ಎರಡನೇ ಗೀಟು ಅಂದರೆ ಇಪ್ಪತ್ತು ಯೂನಿಟ್, ಅರ್ಧ ಎಂ.ಎಲ್. ಇದರ ಎರಡನೇ ಗೀಟು ಎರಡು ಎಂ.ಎಲ್. ನಾಲ್ಕು ದಿನದ ಔಷಧಿ ಒಂದೇ ಸಲಕ್ಕೆ.

ಔಷಧಿ ಜಾಸ್ತಿ ಕಾಣಲಿಲ್ಲವೇ ಅಂತ ಕೇಳಬೇಕೆಂದುಕೊಂಡೆ. ಗೀಟು ಮಾತ್ರ ನೋಡು, ಬೇರೆ ಏನೂ ನೋಡಬೇಡ — ನೋಡಲಿಲ್ಲ ಅವಳು.

ಬಟ್ಟೆಯನ್ನು ಮತ್ತೆ ಸುತ್ತಿ ಅವಳ ಕೈಗೇ ಕೊಟ್ಟೆ.

೨೭ ಆಗಸ್ಟ್

ಬೆಳಿಗ್ಗೆ ಹೋದಳು.

ಮಲ್ಲಪ್ಪ ವ್ಯಾನು ತರಲು ಹೋಗಿದ್ದ. ರಾಜಗೋಪಾಲ್ ಕಾರಿಡಾರಿನಲ್ಲಿ ನಿಲ್ಲಿಸಿ ಮೆಲ್ಲಗೆ ಅಂದರು: "ಸಿರಿಂಜಿನ ವಿಷಯ ಹೇಳಿ ಏನು ಪ್ರಯೋಜನ ಸಿಸ್ಟರ್? ಮಗು ವಾಪಸ್ ಬರಲ್ಲ. ಆ ತಾಯಿ ಬದುಕಬೇಕಲ್ಲ." ತಲೆಯಾಡಿಸಿದೆ. ಎಷ್ಟು ಬೇಗ ತಲೆಯಾಡಿಸಿದೆ! ಅವಳಿಗಾಗಿಯೋ, ನನಗಾಗಿಯೋ.

ಮುನಿಲಕ್ಷ್ಮಮ್ಮ ಮಗಳ ಕಾಲ ಬಳಿ ಕೂತಿದ್ದಳು. ಅಳುತ್ತಿರಲಿಲ್ಲ.

"ಗೀಟು ತಪ್ಪಿದ್ನಾ ಸಿಸ್ಟರಮ್ಮ?"

"ಇಲ್ಲ. ತಪ್ಪಲಿಲ್ಲ."

"ಮತ್ತೆ ಯಾಕೆ?"

"ಕಾಯಿಲೆ ದೊಡ್ಡದಮ್ಮ."

ನನ್ನ ಕೈ ಹಿಡಿದುಕೊಂಡಳು. "ನೀವು ಏಳಿದ್ರೆ ಸರಿ," ಅಂದಳು. ಮೊದಲ ಉತ್ತರ ಸುಳ್ಳಲ್ಲ. ಹೊರಟಾಗ ಬಟ್ಟೆಯ ಗಂಟು ಅವಳ ಕಂಕುಳಲ್ಲೇ ಇತ್ತು. ಅದನ್ನು ಇಲ್ಲಿ ಬಿಟ್ಟುಹೋಗು ಅನ್ನಬಹುದಿತ್ತು. ಯಾಕೆ ಅಂತ ಕೇಳಿದ್ದರೆ...

೧೪ ಸೆಪ್ಟೆಂಬರ್

ಏನೂ ಬರೆಯಲಾಗಿಲ್ಲ. ಓದಲೂ ಇಲ್ಲ.

ಇಂದು ವಾರ್ಡಿನಲ್ಲಿ ಮಾಲತಿ ಒಬ್ಬ ಮುದುಕಿಗೆ ಕಲಿಸುತ್ತಿದ್ದಳು. ತಮಿಳಿನಲ್ಲಿ, ಬಲು ತಾಳ್ಮೆಯಿಂದ. ಮೊದಲ ಗೀಟು ಪಾಟಿ, ಅಷ್ಟೇ, ಬೇರೇನೂ ನೋಡಬೇಡ. ಹೋಗಿ ಸಿರಿಂಜು ಕಿತ್ತುಕೊಂಡೆ. ಎಲ್ಲರ ಎದುರಿಗೇ.

"ನೀವೇ ಹೇಳಿಕೊಟ್ರಲ್ಲ ಮೇಡಂ?"

ಮೊದಲು ಎರಡು ಬಗೆಯ ಸಿರಿಂಜು ಪಕ್ಕಪಕ್ಕ ಇಟ್ಟು ತೋರಿಸಬೇಕು, ಇದು ಒಡೆದರೆ ಬೇರೆಯದು ಮುಟ್ಟಬಾರದು, ಒಂದು ದಿನ ಸೂಜಿ ತಪ್ಪಿದರೂ ಸರಿ, ಇಲ್ಲಿಗೇ ಬರಬೇಕು — ಇದನ್ನು ಮೊದಲು ಹೇಳಬೇಕು ಅಂದೆ. ಯಾಕೆ ಅಂತ ಹುಡುಗಿಯರು ಕೇಳಿದರು. ಹೊಸ ಪದ್ಧತಿ ಅಂದೆ.

ಮಾಲತಿ ಕಣ್ಣೊರೆಸಿಕೊಂಡು ಅದನ್ನೂ ಬರೆದುಕೊಂಡಳು.

೧೫ ಸೆಪ್ಟೆಂಬರ್

ಆ ಸಿರಿಂಜು ಅವರ ಮನೆಯಲ್ಲೇ ಇದೆ. ಉಳಿದ ಇನ್ಸುಲಿನ್ ಮರಳಿನ ಮಡಕೆಯಲ್ಲಿದೆ. ತಿಣ್ಣೆಯ ಮೇಲೆ ಪಾಠ ಕೇಳಿದವರು ಬೀದಿ ತುಂಬ ಇದ್ದಾರೆ. ಇದು ನಿನ್ನೆಯೇ ಹೊಳೆಯಬೇಕಿತ್ತು. ಅಲ್ಲ, ಆ ದಿನವೇ.

ಭಾನುವಾರ ಹೋಗಬೇಕು.

೧೮ ಸೆಪ್ಟೆಂಬರ್

ಹೋಗಲಿಲ್ಲ. ತಲೆನೋವು ಅಂದುಕೊಂಡೆ. ತಲೆನೋವು ಇತ್ತು ಕೂಡ.

೨ ಅಕ್ಟೋಬರ್

ತಾರಮಂಗಲದಲ್ಲಿ ಬಸ್ಸು ಬದಲಿಸಿ, ಮೇಚೇರಿಯಿಂದ ನಡೆದು ಬಂದೆ. ಅವರ ತಿಣ್ಣೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಗಿಲಿಗೆ ಬೀಗ. ಒಳಗೆಲ್ಲೋ ಮರಿ ಕೂಗುತ್ತಿದೆ. ದೊಡ್ಡಿಯ ಬೇಲಿಗೆ ರೋಜಾಳ ದಾವಣಿಯನ್ನು ಹರಿದು ಕಟ್ಟಿದ್ದಾರೆ, ಮುಳ್ಳು ಸರಿಯದಂತೆ.

ಬ್ಯಾಗಿನಲ್ಲಿ ಹೊಸ ಇನ್ಸುಲಿನ್ ಸಿರಿಂಜು ಒಂದಿದೆ. ಏನು ಹೇಳುವುದು ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಆಸ್ಪತ್ರೆಯಲ್ಲಿ ಹಳೆಯ ಸಿರಿಂಜುಗಳನ್ನು ವಾಪಸ್ ಪಡೆಯುತ್ತಿದ್ದಾರೆ ಅನ್ನಬಹುದು. ಅದು ಕುರಿಯದ್ದು, ನಿಮ್ದಲ್ಲ ಅಂತಾಳೆ. ಉಳಿದ ಔಷಧಿ ಕೆಟ್ಟಿರುತ್ತೆ, ಚೆಲ್ಲಿಬಿಡೋಣ ಅನ್ನಬಹುದು. ಚೆಲ್ಲುತ್ತಾಳೆ, ನಾನು ಹೇಳಿದರೆ ಚೆಲ್ಲುತ್ತಾಳೆ. ಆದರೆ ಬಾಯಲ್ಲಿರುವ ಪಾಠ? ಅದು ತಪ್ಪು ಅಂದ ಕ್ಷಣವೇ ಯಾಕೆ ಅಂತ ಕೇಳುತ್ತಾಳೆ. ಕೇಳಿದ ಮೇಲೆ ಅವಳಿಗೇ ಎಲ್ಲ ತಿಳಿದುಹೋಗುತ್ತದೆ. ದಡ್ಡಿಯಲ್ಲ ಅವಳು.

ಕೈ ಮರೆಯದು. ಹೌದು. ಮರೆಯಲೇ ಇಲ್ಲ. ಆ ಸಾಲು ಬರೆದವರು ಏನು ಕಲಿಸಿದ್ದರೋ, ಯಾರಿಗೆ...

ಏನೂ ಹೇಳದೆ ಎದ್ದು ಹೋಗಿಬಿಡಬಹುದು. ಮಧ್ಯಾಹ್ನದ ಬಸ್ಸು ಇನ್ನೂ ಸಿಗುತ್ತದೆ. ಯಾರೂ ನೋಡಿಲ್ಲ —

ನೋಡಿದರು. ಪಕ್ಕದ ಮನೆಯ ಸಣ್ಣಕ್ಕ. ಆಸ್ಪತ್ರೆಗೆ ರೋಜಾಳನ್ನು ತಂದ ದಿನ ಜೊತೆಗೆ ಬಂದಿದ್ದವಳು. ತನ್ನ ಬಾಗಿಲಲ್ಲಿ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಂದಳು:

"ಸಿಸ್ಟರಮ್ಮನಾ! ಬಿಸಿಲಲ್ಲಿ ಯಾಕಮ್ಮಾ ಕೂತಿದ್ದೀರಿ, ಒಳಕ್ ಬನ್ನಿ, ಮೋರ್ ಕುಡೀರಿ. ಮುನಿಲಕ್ಷ್ಮಿ ಕುರಿ ಒಡ್ಕೊಂಡು ಓಗವ್ಳೆ, ಬೈಗ್ಗೆ ಬತ್ತಾಳೆ. ನಮ್ಮನೇರ್ಗೂ ಶುಗರ್ ಅಂತೆ, ನೋಡಿ ಗ್ರಾಚಾರ. ಅಣ್ಣಾಮಲೈ ಅಂತ, ನೀವು ನೋಡಿಲ್ಲ. ಇವತ್ ಸಾಯಂಕಾಲದ ಬಸ್ಗೆ ಊಸಿ ಮರುಂದು ತಕ್ಕೊಂಡ್ ಬತ್ತಾರೆ, ನಾಳೆ ಎದ್ದೇಟ್ಗೆ ಊಸಿ. ಸಿರಿಂಜೂ ತಕ್ಕೋಬೇಕಾ ಅಂತ ಕೇಳಿದ್ರು. ಬ್ಯಾಡ, ಮುನಿಲಕ್ಷ್ಮಿ ತಾವ ಐತಲ್ಲ, ಅವ್ಳೇ ಆಕ್ತೀನಿ ಅಂದವ್ಳೆ ಅಂದೆ. ಎರಡ್ನೇ ಗೀಟು. ನೀವೇನೂ ಯೋಚ್ನೆ ಮಾಡ್ಬ್ಯಾಡ್ರಮ್ಮಾ, ನಮ್ ಬೀದೀಲಿ ಎಲ್ರಿಗೂ ಗೊತ್ತು."