ಬಾವಲಿ ಒಳಗಿರುವಾಗಲೇ ಕಿಂಡಿ ಮುಚ್ಚಿಸಿದವರಿಗೆ

ಬಾಡಿಗೆ ವಸತಿ ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ನಿಮ್ಮ ಸಮಿತಿಯ ಬಾಡಿಗೆ ಮನೆಯಲ್ಲಿ ನನ್ನ ಮಗಳಿಗೆ ಬಾವಲಿ ಕಚ್ಚಿತು. ರೇಬೀಸ್ ಬಾರದಿರಲೆಂದು ಕೊಡಿಸಿದ ಇಂಜೆಕ್ಷನ್ನಿನ ಖರ್ಚನ್ನು ಸಮಿತಿ ಭರಿಸಬೇಕೆಂದು ಕೇಳಿದೆ. ‘ಬಾವಲಿಯು ಸಮಿತಿಯ ಆಸ್ತಿಯಲ್ಲವಾದ್ದರಿಂದ ಅದರ ಕೃತ್ಯಕ್ಕೆ ಸಮಿತಿ ಹೊಣೆಯಲ್ಲ’ ಎಂದು ತಾವು ಉತ್ತರ ದಯಪಾಲಿಸಿದಿರಿ. ಬಾಡಿಗೆ ಬಾಕಿ ಇರುವುದರಿಂದ ಈ ತಿಂಗಳೊಳಗೆ ಮನೆ ಖಾಲಿ ಮಾಡಬೇಕೆಂಬ ನೋಟಿಸನ್ನೂ ಅದೇ ಲಕೋಟೆಯಲ್ಲಿ ಇಟ್ಟಿದ್ದಿರಿ. ಒಂದೇ ಅಂಚೆ ಚೀಟಿಯಲ್ಲಿ ಎರಡು ಕೆಲಸ ಮುಗಿಸಿದ ನಿಮ್ಮ ಮಿತವ್ಯಯವನ್ನು ಮೆಚ್ಚಲೇಬೇಕು. ನಾನು ಮಾತ್ರ ನನ್ನ ಉತ್ತರವನ್ನು ಲಕೋಟೆಯಲ್ಲಿ ಮುಚ್ಚಿಡುತ್ತಿಲ್ಲ. ಊರೆಲ್ಲ ಓದಲಿ ಎಂದೇ ಪತ್ರಿಕೆಗೆ ಕೊಡುತ್ತಿದ್ದೇನೆ.

ಬಾವಲಿ ನಿಮ್ಮದಲ್ಲ, ಒಪ್ಪಿದೆ. ಅದು ಹಗಲೆಲ್ಲ ನೇತಾಡುತ್ತಿದ್ದ ಅಟ್ಟ ಯಾರದು? ಗುಂಡ್ಲುಪೇಟೆಯ ಈ ವಠಾರದ ಹೆಂಚು, ಗೋಡೆ, ಗೋಡೆಗೂ ಸೂರಿಗೂ ನಡುವೆ ಬಾಯಿಬಿಟ್ಟಿದ್ದ ಕಿಂಡಿ ಯಾರವು? ಆ ಕಿಂಡಿಯ ವಿಚಾರವಾಗಿ ನಾನು ಕೊಟ್ಟ ಅರ್ಜಿಗಳು ನೆನಪಿರಬೇಕು. ಅವು ಒಪ್ಪವಾಗಿಯೇ ಇದ್ದವು, ಏಕೆಂದರೆ ಅರ್ಜಿ ಬರೆಯುವುದೇ ನನ್ನ ಕಸುಬು. ನಿಮ್ಮ ಕಚೇರಿಯ ಎದುರಿಗಿನ ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು, ಹಂಗಳ, ತೆರಕಣಾಂಬಿ ಕಡೆಯಿಂದ ಬರುವವರಿಗೆಲ್ಲ ‘ಕರುಣಾಳುಗಳಾದ ತಾವು’ ಎಂದು ಬರೆದುಕೊಡುವವಳು ನಾನೇ. ನಿಮ್ಮ ಕರುಣೆಗೆ ಇಷ್ಟು ವರ್ಷ ಪುಕ್ಕಟೆ ಪ್ರಚಾರ ಕೊಟ್ಟಿದ್ದೇನೆ.

ಕೊನೆಗೊಂದು ದಿನ ಕಿಂಡಿ ಮುಚ್ಚಲು ಗಾರೆ ಕೆಲಸದ ಮಾದೇಶನನ್ನು ಕಳಿಸಿದಿರಿ. ಮಾರನೆಯ ದಿನ ಅಮಾವಾಸ್ಯೆ. ಮಧ್ಯಾಹ್ನದ ಬಸ್ಸಿಗೆ ಮಾದಪ್ಪನ ಬೆಟ್ಟಕ್ಕೆ ಹೊರಡಬೇಕಿದ್ದ ಆತ ಬರುವಾಗಲೇ ಸಿಮೆಂಟು ಕಲಸಿಕೊಂಡು ಬಂದಿದ್ದ. ಅಮಾವಾಸ್ಯೆಗೆ ಬೆಟ್ಟ ಹತ್ತುವ ಹರಕೆ ಹೊತ್ತವನನ್ನು ತಡೆಯುವುದು ನಮ್ಮ ಕಡೆ ಯಾರಿಗೂ ಆಗದ ಮಾತು. ಆದರೂ ಬಾಯಿಬಿಟ್ಟು ಹೇಳಿದೆ.

“ಅವು ಈಗ ಒಳ್ಗೇ ಮಲ್ಗವೆ ಕಣಣ್ಣ. ಸಂಜೆ ಆಚ್ಗೆ ಓದ್ಮೇಲೆ ಮುಚ್ಚು.”

ಅವನು ಒಳ್ಳೆಯವನು. ನನ್ನೆದುರೇ ಸ್ಪೀಕರ್ ಹಾಕಿ ನಿಮಗೆ ಫೋನ್ ಮಾಡಿದ. “ಸಾರ್, ಈಯಮ್ಮ ಸಂಜೆಗಂಟ ತಡಿ ಅಂತವ್ರೆ. ಬೆಟ್ಟದಿಂದ ಬಂದ್ಮೇಲೆ ಮುಚ್ಲಾ?”

ತಮ್ಮ ಧ್ವನಿ ಸ್ಪಷ್ಟವಾಗಿತ್ತು. “ಬಾವ್ಲಿ ಕೇಳ್ಕೊಂಡು ಕೆಲ್ಸ ಮಾಡಕ್ಕಾಯ್ತದೇನ್ಲಾ? ಈಗ್ಲೇ ಮುಚ್ಬುಟ್ಟು ಓಗು.”

ಅವನು ಮುಚ್ಚಿ ಹೋದ. ಅವನ ಮೇಲೆ ನನ್ನ ದೂರಿಲ್ಲ, ಅವನು ಕೇಳಬೇಕಾದವರನ್ನು ಕೇಳಿದ್ದ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಟ್ಟದಲ್ಲಿ ಪಟಪಟ ಶುರುವಾಯಿತು. ಹೊರಗಿನ ದಾರಿ ಕಾಣದ ಬಾವಲಿಗಳು ಹಲಗೆಯ ಸಂದಿನಿಂದ ಕೋಣೆಗೇ ಇಳಿದವು. ಒಂದು ಬಂದು ಮಗಳು ನಯನಾಳ ಜಡೆಗೆ ಸಿಕ್ಕಿಕೊಂಡಿತು. ಅವಳು ಬಿಡಿಸಲು ಕೈ ಹಾಕಿದಳು, ಹೆಬ್ಬೆರಳಿಗೆ ಹಲ್ಲು ನಾಟಿತು. ನಮ್ಮ ಯಜಮಾನರು ತರಕಾರಿ ಲಾರಿ ತೆಗೆದುಕೊಂಡು ಕೇರಳಕ್ಕೆ ಹೋಗಿದ್ದರು. ನಾನು ಸೋಪು ಹಚ್ಚಿ ಗಾಯ ತೊಳೆದೆ. ಪಕ್ಕದ ಮನೆಯ ದೊಡ್ಡಮಲ್ಲಮ್ಮ ಓಡಿಬಂದು, “ಅರಿಸಿಣ ಗಿರಿಸಿಣ ಅಂತ ಕೂರ್ಬೇಡ ಕಣಮ್ಮಿ, ಮಗೀನ ಎತ್ಕೊಂಡು ಆಸ್ಪತ್ರೆಗೆ ನಡಿ” ಎಂದು ಆಟೋ ಕೂಗಿದರು.

ಲಸಿಕೆ ಆಸ್ಪತ್ರೆಯಲ್ಲೇ ಸಿಕ್ಕಿತು, ಅದಕ್ಕೆ ಕಾಸು ಕೇಳಲಿಲ್ಲ. ಆದರೆ ಗಾಯದ ಸುತ್ತ ಕೊಡುವ ಸೀರಂ ಮುಗಿದಿತ್ತು. ಚಾಮರಾಜನಗರದ ಔಷಧಿ ಅಂಗಡಿಯಲ್ಲಿ ಸಿಗಬಹುದು, ತಡ ಮಾಡಬೇಡಿ ಎಂದರು ಡಾಕ್ಟರು. ಬೆಳಗಿನ ಮೊದಲ ಬಸ್ಸಿಗೆ ಹೋದೆ. ನಿಮಗೆಂದು ಎತ್ತಿಟ್ಟಿದ್ದ ಬಾಡಿಗೆ ಹಣವನ್ನು ಅಲ್ಲಿ ಸುರಿದು, ಫ್ಲಾಸ್ಕಿನಲ್ಲಿ ಐಸ್ ತುಂಬಿಸಿ, ಅದರೊಳಗೆ ಔಷಧಿ ಇಟ್ಟುಕೊಂಡು ಬಂದೆ. ಬಸ್ಸು ತೆರಕಣಾಂಬಿಯಲ್ಲಿ ಜನ ತುಂಬಿಸಿಕೊಳ್ಳುತ್ತ ನಿಂತೇ ನಿಂತಿತು. ಐಸ್ ಕರಗೀತೆಂದು ಫ್ಲಾಸ್ಕನ್ನು ಸೆರಗಿನಲ್ಲಿ ಸುತ್ತಿ ಹಿಡಿದು ಕೂತವಳು ನಿಮಗೆ ಶಾಪ ಹಾಕಿದೆ. ಸುಳ್ಳೇಕೆ, ಇನ್ನೂ ಹಾಕುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಸೀರಂ ಕೊಡಿಸಿ, ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಹಾರೆಯಿಂದ ನಿಮ್ಮ ಸಿಮೆಂಟು ಒಡೆದದ್ದು. ಉಳಿದ ಬಾವಲಿಗಳು ಅಂದು ಸಂಜೆ ಸದ್ದಿಲ್ಲದೆ ಹೊರಗೆ ಹೋದವು. ಅದಕ್ಕೂ ‘ಗೋಡೆಗೆ ಹಾನಿ’ ಎಂದು ದಂಡ ಹಾಕಿದ್ದೀರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಕೇಳಿದ್ದೆ, ಎಳೆಯುವ ಕೈಯನ್ನು ಈಗ ಕಂಡೆ. ಕಿಂಡಿ ನಿಮ್ಮದು, ಸಿಮೆಂಟು ನಿಮ್ಮದು, ಹಗಲಲ್ಲೇ ಮುಚ್ಚೆಂಬ ಅಪ್ಪಣೆ ನಿಮ್ಮದು. ಕಚ್ಚಿಸಿಕೊಂಡ ಬೆರಳು ಮಾತ್ರ ನಮ್ಮದು. ಇದು ಯಾವ ಊರಿನ ನ್ಯಾಯ, ಸ್ವಾಮಿ?

ಮೊದಲ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದ ಮಗಳು ಕಣ್ಣೊರೆಸಿಕೊಂಡು, “ಅವ್ವಾ, ಅದ್ಕೂ ಎದ್ರಿಕೆ ಆಗಿತ್ತು ಕಣವ್ವ. ದಾರಿ ಸಿಕ್ನಿಲ್ಲ ಅದ್ಕೆ” ಎಂದಳು. ಅವಳು ಬಾವಲಿಯನ್ನು ಕ್ಷಮಿಸಿದ್ದಾಳೆ. ನಾನೂ ಕ್ಷಮಿಸಿದ್ದೇನೆ. ನಿಮ್ಮನ್ನು ಕ್ಷಮಿಸಿಲ್ಲ, ಕ್ಷಮಿಸುವ ಆತುರವೂ ಇಲ್ಲ.

ಆದ್ದರಿಂದ ನೋಟಿಸನ್ನೂ ದಂಡವನ್ನೂ ಹಿಂದಕ್ಕೆ ಪಡೆಯಿರಿ. ಸೀರಮ್ಮಿನ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಿ. ಇನ್ನೊಂದು ಮಗುವಿಗೆ ಕಚ್ಚುವ ಮುನ್ನ ವಠಾರದ ಎಲ್ಲ ಮನೆಗಳ ಕಿಂಡಿಗಳನ್ನು ಬಾವಲಿಗಳು ಹೊರಗೆ ಹೋದ ಮೇಲೆ ಮುಚ್ಚಿಸಿ, ಅಲ್ಲೀತನಕ ನೀವೇ ಬಂದು ನಮ್ಮ ಜಗಲಿಯ ಮೇಲೆ ಕೂತು ಕಾಯಿರಿ. ಕಾಫಿ ಕೊಡುತ್ತೇನೆ, ಸಕ್ಕರೆ ನಿರೀಕ್ಷಿಸಬೇಡಿ.

ಆಗುವುದಿಲ್ಲವೆಂದರೆ ನನ್ನ ಕೈಲಾಗುವುದನ್ನು ನಾನು ಮಾಡುತ್ತೇನೆ. ಇಂದಿನಿಂದ ನಿಮ್ಮ ಸಮಿತಿಯ ಮೇಲೆ ದೂರು ಬರೆಸುವವರಿಗೆ ನನ್ನ ಮೇಜಿನಲ್ಲಿ ಬರವಣಿಗೆ ಪುಕ್ಕಟೆ. ಸೋರುವ ಸೂರಿನವರು, ನೀರು ಬಾರದ ನಲ್ಲಿಯವರು, ಮುಂಗಡ ವಾಪಸು ಸಿಗದವರು ಆಗಲೇ ಸಾಲುಗಟ್ಟಿದ್ದಾರೆ. ನಿಮ್ಮ ಕಿಟಕಿ ತೆಗೆದರೆ ಸಾಲು ಕಾಣುತ್ತದೆ. ಯಾವ ಅರ್ಜಿ ಯಾವ ಮೇಲಧಿಕಾರಿಗೆ ಹೋದರೆ ನಿಮ್ಮ ನಿದ್ದೆ ಕೆಡುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಅದರಲ್ಲಿ ‘ಕರುಣಾಳುಗಳಾದ’ ಎಂಬ ಪದವನ್ನು ನಾನು ಇನ್ನು ಬರೆಯುವುದಿಲ್ಲ.

ಇಂತಿ,
ನೂರಾರು ಅರ್ಜಿಗಳ ಕೆಳಗೆ ‘ತಮ್ಮ ವಿಧೇಯ’ ಎಂದು ಬರೆದುಕೊಟ್ಟು, ಇದೊಂದರ ಕೆಳಗೆ ಬರೆಯಲು ಕೈ ಬಾರದ
ಕಾವ್ಯಶ್ರೀ,
ಹೊಂಗೆ ಮರದ ಕೆಳಗೆ, ನಿಮ್ಮ ಕಚೇರಿಯ ಎದುರು