ಮುಚ್ಚಳದೊಳಗೆ ಗೀಚಿದ್ದು

ಕಿಟ್ಟು,

ಹವ್ಯಾಸಕ್ಕೆ ಅಂತಲೂ ನಿನ್ನ ಕೈಗೆ ಗಡಿಯಾರ ಕೊಡಬಾರದಿತ್ತು. ಇವತ್ತು ನಿನ್ನ ಹೆಂಡತಿ ಗುಬ್ಬಿಯಿಂದ ತುಮಕೂರಿಗೆ ಬಂದು ನಿನ್ನ ಕೀ ಕೊಡುವ ಕೈಗಡಿಯಾರ ಕೊಟ್ಟರು. “ಅವ್ರು ತೀರ್ಹೋಗಿ ವರ್ಷ ಆಯ್ತಣ್ಣ, ಮಗಳು ಕಟ್ಕೋಬೇಕಂತೆ, ರಿಪೇರಿ ಮಾಡ್ಕೊಡಿ” ಅಂದರು.

ಬಿಚ್ಚಿದರೆ ಒಳಗೆಲ್ಲ ಎಣ್ಣೆ! ಸೂಜಿಮೊನೆಯಷ್ಟು ಸಾಕು ಎಂದು ಹತ್ತು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಬಡಿದುಕೊಂಡೆ. ನೀನು “ಓಡ್ತದೆ ಬುಡ್ಲಾ” ಎನ್ನುತ್ತಿದ್ದೆ. ಅದಕ್ಕೇ ಜಗಳವಾಡಿ ನಿನ್ನನ್ನು ನನ್ನ ರಿಪೇರಿ ಮೇಜಿನಿಂದ ಎಬ್ಬಿಸಿ ಕಳಿಸಿದ್ದು.

ಸರ್ವೀಸ್ ಮಾಡಿದವರು ಹಿಂಬದಿ ಮುಚ್ಚಳದ ಒಳಗೆ ಹೆಸರು, ತಾರೀಕು ಗೀಚುವುದು ನಮ್ಮ ವಾಡಿಕೆ. ನೀನು ನಮ್ಮಿಬ್ಬರ ಹೆಸರೂ ಗೀಚಿದ್ದೀಯ. ತಾರೀಕು ನೋಡಿದರೆ ನಮ್ಮ ಜಗಳವಾಗಿ ಮೂರು ವರ್ಷದ ನಂತರದ್ದು. ನಿನ್ನ ದರಿದ್ರ ಕೆಲಸಕ್ಕೆ ನನ್ನ ಹೆಸರು ಯಾಕೋ?

ಎಲ್ಲ ತೊಳೆದು ಜೋಡಿಸಿದೆ. ಕೆಳಗೆ ಇವತ್ತಿನ ತಾರೀಕು ಮಾತ್ರ ಗೀಚಿದೆ. ಹೆಸರುಗಳು ಅಲ್ಲೇ ಇದ್ದವಲ್ಲ.