ಡ್ರಮ್ಮಿನ ಮಣ್ಣು, ಗೌರಸಮುದ್ರದ ಸಸಿ

ಪ್ರೀತಿಯ ಭಾವನವರಿಗೆ ತಿಪ್ಪೇಶನ ನಮಸ್ಕಾರ.

ನೀವಿದ್ದಾಗ ನಾನು ನಿಮಗೆ ಒಂದು ಕಾಗದವನ್ನೂ ಬರೆದವನಲ್ಲ. ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಲಗೇಜ್ ಆಟೋ ಓಡಿಸುವವನಿಗೆ ಕಾಗದ ಯಾಕೆ? ಬಂದು ನಿಮ್ಮ ಮಗ್ಗದ ಪಕ್ಕ ಕೂತರೆ ಆಗುತ್ತಿತ್ತಲ್ಲ. ಈಗ ಹೇಳಲೇಬೇಕಾದ ಸುದ್ದಿಯೊಂದಿದೆ. ಮೊದಲೇ ಹೇಳಿಬಿಟ್ಟರೆ ನೀವು ಉಳಿದದ್ದನ್ನು ಓದುವುದಿಲ್ಲ, ನಿಮ್ಮ ಬುದ್ಧಿ ನನಗೆ ಗೊತ್ತಿಲ್ಲವೇ?

ತಟ್ಟೆಯ ಅಂಚಿಗೆ ಎರಡು ಹಸಿಮೆಣಸಿನಕಾಯಿ ಬೀಳುವವರೆಗೂ ನೀವು ಮುದ್ದೆ ಮುರಿಯುತ್ತಿರಲಿಲ್ಲ. ನೀವು ಹೋದ ಮೇಲೆ ಅಕ್ಕ ಮನೆಗೆ ಮೆಣಸಿನಕಾಯಿ ತರಿಸುವುದನ್ನೇ ಬಿಟ್ಟಳು. ಮೊಸರನ್ನ, ಉಪ್ಪು, ಅಷ್ಟೇ. ಹೊಸ್ತಿಲು ದಾಟುತ್ತಿರಲಿಲ್ಲ. ವಾರಕ್ಕೊಮ್ಮೆ ಬಂದು ‘ಹೆಂಗಿದೀಯಕ್ಕ?’ ಅಂದರೆ ‘ಇದೀನಿ’ ಅನ್ನುವಳು. ಆ ಒಂದು ಮಾತು ಹೊತ್ತುಕೊಂಡು ಚಳ್ಳಕೆರೆವರೆಗೂ ಆಟೋ ಓಡಿಸುವುದಿದೆಯಲ್ಲ ಭಾವ...

ಒಂದು ದಿನ ಎಣ್ಣೆ ಮಿಲ್ಲಿಗೆ ಲೋಡು ಇಳಿಸಲು ಹೋದಾಗ ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು ಬಿದ್ದಿದ್ದವು. ನೋಡಿದ ತಕ್ಷಣ, ಇವುಗಳಲ್ಲಿ ಅಕ್ಕನಿಗೆ ಮೆಣಸಿನ ಗಿಡ ಬೆಳೆಸೋಣ ಅಂತ ತಲೆಗೆ ಬಂತು. ಮೂರು ಡ್ರಮ್ಮು ಕೇಳಿ ತಂದು, ನಡುವೆ ಗರಗಸ ಹಾಕಿ ಆರು ತೊಟ್ಟಿ ಮಾಡಿ, ಅಕ್ಕನ ಅಂಗಳದಲ್ಲಿ ಸಾಲಾಗಿ ಇಟ್ಟೆ. ಯಾರದೋ ಹೊಲದ ಕಪ್ಪು ಮಣ್ಣು ತಂದು ಸುರಿದೆ. ಲೋಡು ಹಾಕುವವನ ಅಭ್ಯಾಸ ನೋಡಿ, ಒಳಗೆ ಇಳಿದು ಕಾಲಲ್ಲಿ ತುಳಿತುಳಿದು ಗಟ್ಟಿ ಮಾಡಿದೆ! ಸಂತೆಯಿಂದ ಮೆಣಸಿನ ಸಸಿ ತಂದು ನೆಟ್ಟು, ಕೊಡಗಟ್ಟಲೆ ನೀರು ಹೊಯ್ದೆ. ಎಂಟು ದಿನಕ್ಕೆ ಎಲೆಗಳೆಲ್ಲ ಹಳದಿಯಾಗಿ ಕತ್ತು ಬಗ್ಗಿಸಿದವು.

ಆವತ್ತು ನಾನು ಗಿಡದ ಮುಂದೆ ಕುಕ್ಕುರುಗಾಲಲ್ಲಿ ಕೂತು ಪೆಚ್ಚಾಗಿ ನೋಡುತ್ತಿದ್ದೆ. ಬಾಗಿಲಿನಿಂದ ದನಿ ಬಂತು.

“ಲೇ ತಿಪ್ಪೇಶ, ಮೆಣಸಿನ ಗಿಡ ನೆಟ್ಟಿದೀಯೋ, ಭತ್ತದ ಗದ್ದೆ ಮಾಡಿದೀಯೋ? ತಳಕ್ಕೆ ತೂತು ಹೊಡ್ದಿದೀಯಾ?”

“ತೂತು ಯಾಕಕ್ಕ? ನೀರೆಲ್ಲಾ ಸೋರಿ ಹೋಗಲ್ವಾ?”

ಅಕ್ಕ ಹಣೆ ಹಣೆ ಬಡಿದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಇಳಿದೇಬಿಟ್ಟಳು! ನಮ್ಮಪ್ಪನ ಹೊಲದಲ್ಲಿ ಮೆಣಸಿನ ಮಡಿಗಳ ನಡುವೆಯೇ ಬೆಳೆದವಳು ಅವಳು. ನಾನು ಆಗ ಹೊಲ ಬಿಟ್ಟು ಲಾರಿಗಳ ಹಿಂದೆ ಓಡುತ್ತಿದ್ದೆ.

ಎರಡು ದಿನ ಅವಳು ಸ್ಟೂಲಿನ ಮೇಲೆ ಕೂತು ನನ್ನನ್ನು ದುಡಿಸಿದ ಪರಿ ಏನು ಹೇಳಲಿ! ಆರೂ ತೊಟ್ಟಿ ಖಾಲಿ ಮಾಡಿಸಿದಳು. ಕಾದ ಸರಳಿನಿಂದ ತಳಕ್ಕೆ ತೂತು ಹಾಕಿಸಿದಳು. ಅಡಿಗೆ ಒಂದು ಗೇಣು ಶೇಂಗಾ ಸಿಪ್ಪೆ. ಅದರ ಮೇಲೆ ಮೂರು ಬುಟ್ಟಿ ಕೆಂಪು ಮಣ್ಣಿಗೆ ಒಂದು ಬುಟ್ಟಿ ಹಳೇ ಕೊಟ್ಟಿಗೆ ಗೊಬ್ಬರ, ಒಂದು ಬುಟ್ಟಿ ಮರಳು, ಎರಡು ಹಿಡಿ ಬೇವಿನ ಹಿಂಡಿ. ಕಲೆಸಿ ತುಂಬಿದ ಮೇಲೆ ಅವಳೇ ಎದ್ದು ಬಂದು ಮೊಣಕೈವರೆಗೆ ಕೈ ಇಳಿಸಿದಳು. “ನೋಡು, ಹಿಂಗೆ ಕೈ ಇಳೀಬೇಕು. ಬೇರಿಗೂ ಉಸಿರು ಬೇಕಲ್ಲ ಕಣೋ” ಅಂದಳು. ಕೈ ಹೊರಗೆ ತೆಗೆಯುವ ಅವಸರವೇ ಇರಲಿಲ್ಲ ಅವಳಿಗೆ. ನೀರು ಹಾಕಿದ ಮೇಲೆ ಮಣ್ಣು ನಾಲ್ಕು ಬೆರಳು ಕುಸಿಯಿತು. “ಕುಸೀಲಿ, ವಾರ ಬಿಟ್ಟು ಇನ್ನೊಂದು ಬುಟ್ಟಿ ಹಾಕೋಣ” ಅಂದಳು.

ಮಣ್ಣು ತಯಾರಾದ ದಿನ ಸಸಿಯ ಮಾತು ಬಂತು. “ಸಂತೇವು ಬ್ಯಾಡ. ಗೌರಸಮುದ್ರದ ಸಸಿ ಚೆನ್ನಾಗಿರ್ತಾವೆ” ಅಂದಳು ಅಕ್ಕ.

“ಗೌರಸಮುದ್ರದಾಗೆ ಯಾರ ಮನೇವು?”

“ಗೊತ್ತಿದ್ದೂ ಕೇಳ್ತೀಯಲ್ಲ.”

ನಿಮ್ಮ ತಂಗಿ ಬೋರಮ್ಮನ ಮನೆ ಭಾವ! ನಿಮ್ಮ ಗೃಹಪ್ರವೇಶದ ದಿನ ಸಾರಿಗೆ ಖಾರ ಸಾಲದು ಅಂದಳಲ್ಲ, ಅಂದಿನಿಂದ ಈ ಅತ್ತಿಗೆ ನಾದಿನಿಯರು ಮಾತು ಬಿಟ್ಟವರು. ನೀವು ಎಷ್ಟು ಸಲ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಂಡಿರಿ? ನಿಮ್ಮ ತಿಥಿಯಲ್ಲೂ ಇಬ್ಬರೂ ಬೇರೆ ಬೇರೆ ಮೂಲೆ ಹಿಡಿದು ಕೂತಿದ್ದರು. ನಾನು ಹೋಗಿ ಕೇಳಿದರೆ ಬೋರಮ್ಮ, “ಕೊಡಾಕೆ ನಂದೇನೂ ತಕರಾರಿಲ್ಲ. ಕೇಳ್ಬೇಕಾದೋರು ಬಂದು ಕೇಳ್ಲಿ” ಅಂದಳು. ಆ ಮಾತನ್ನು ಹಾಗೆಯೇ ಅಕ್ಕನಿಗೆ ಒಪ್ಪಿಸಿದೆ. ಮಾರನೆಯ ಬೆಳಿಗ್ಗೆ ನೋಡಿದರೆ ಒಳ್ಳೆಯ ಸೀರೆ ಉಟ್ಟು ಆಟೋ ಪಕ್ಕ ನಿಂತಿದ್ದಾಳೆ. “ಸಸಿಗೋಸ್ಕರ ಬರ್ತಿದೀನಿ, ಇನ್ಯಾತಕ್ಕೂ ಅಲ್ಲ.”

ಗೌರಸಮುದ್ರದ ಆ ಅಂಗಳವನ್ನು ನೀವು ನೋಡಬೇಕಿತ್ತು. ಆ ಕಡೆ ಅವಳು, ಈ ಕಡೆ ಇವಳು. ಕಡೆಗೆ ಬೋರಮ್ಮನೇ ಬಾಯಿ ಬಿಟ್ಟಳು.

“ಡ್ರಮ್ಮಿಗೆ ಏನು ಹಾಕೀರಿ?”

“ಕೆಂಪು ಮಣ್ಣು. ಅಡಿಗೆ ಶೇಂಗಾ ಸಿಪ್ಪೆ.”

“ಗೆದ್ದಲು ಹತ್ತಲ್ವಾ?”

“ಬೇವಿನ ಹಿಂಡಿ ಕಲ್ಸೀನಿ.”

“ಹಂಗಾದ್ರೆ ಸರಿ.”

ಆಮೇಲೆ ಬೋರಮ್ಮ, “ವದಿನಾ, ರಾ” ಅಂತ ಅತ್ತಿಗೆಯನ್ನು ಒಳಗೆ ಕರೆದು ಕೈ ಚಾಚಿದಳು. ನಿಮ್ಮ ತಂಗಿಗೆ ಸಿಟ್ಟು ಬಂದರೆ ಕನ್ನಡ, ಪ್ರೀತಿ ಬಂದರೆ ತೆಲುಗು ಅಲ್ಲವೇ? ಇಬ್ಬರೂ ಒಳಗೆ ಹೋಗಿ ನಿಮ್ಮ ಹೆಸರು ಹೇಳಿಕೊಂಡು ಜೋರಾಗಿ ಅತ್ತರು. ಒಂದು ಗಂಟೆಯ ಮೇಲೆ ನಗುವುದೂ ಕೇಳಿಸಿತು. ನನಗೆ ಕಾಫಿ ಕೊಡುವುದನ್ನು ಮಾತ್ರ ಇಬ್ಬರೂ ಮರೆತರು.

ಈಗ ಆರು ತೊಟ್ಟಿಯಲ್ಲೂ ಗಿಡಗಳು ಸೊಂಟದೆತ್ತರ ಬಂದಿವೆ, ಗೊಂಚಲು ಗೊಂಚಲಾಗಿ ಕಾಯಿ. ಬೀದಿಯವರೆಲ್ಲ ಅಕ್ಕನನ್ನು ಮಣ್ಣಿನ ಲೆಕ್ಕ ಕೇಳಲು ಬರುತ್ತಾರೆ, ಅವಳು ಮೇಷ್ಟ್ರ ಹಾಗೆ ಗದರುತ್ತಾಳೆ.

ಇನ್ನು ನಾನು ಹಿಡಿದಿಟ್ಟುಕೊಂಡ ಸುದ್ದಿ. ಬೋರಮ್ಮನ ಮಗಳು, ನಿಮ್ಮ ಸುಧಾ, ಮೊಳಕಾಲ್ಮೂರಿನ ಕಾಲೇಜಿಗೆ ಸೇರಿದ್ದಾಳೆ. ಹಾಸ್ಟೆಲ್ ಹುಡುಕಿದ್ದಕ್ಕೆ ಅಕ್ಕ ಬೋರಮ್ಮನ ಜೊತೆ ಫೋನಿನಲ್ಲೇ ಜಗಳ ತೆಗೆದು, ಹುಡುಗಿಯನ್ನು ನಿಮ್ಮ ಮನೆಗೇ ಕರೆಸಿಕೊಂಡಳು. ಈ ಬೆಳಿಗ್ಗೆ ನಾನು ಬಾಗಿಲಲ್ಲಿ ಆಟೋ ನಿಲ್ಲಿಸಿದಾಗ ಒಳಗೆ ಜಡೆ ಯಾರು ಹಾಕಬೇಕು, ಕಾಲೇಜಿಗೆ ಹೊತ್ತಾಯಿತು, ಡಬ್ಬಿಗೆ ಚಿತ್ರಾನ್ನ ಬೇಡ ಅಂತ ಅಕ್ಕ, ಸುಧಾ ಇಬ್ಬರೂ ಒಟ್ಟಿಗೇ ಕೂಗಾಡುತ್ತಿದ್ದರು. ನಾನು ಕೂಡಲೇ ಒಳಗೆ ಹೋಗಲಿಲ್ಲ ಭಾವ. ಸ್ವಲ್ಪ ಹೊತ್ತು ಅಲ್ಲೇ ನಿಂತು ಕೇಳಿಸಿಕೊಂಡೆ.